ಛತ್ರಿಹೂವಿನ ಹಸಿರು ತಿಗಣೆಗೆ ಹೆಸರು ಸಿಕ್ಕಿದ್ದು

"ಮಿರಿಡೇ ಅಂತ ಬರೆದು ಬಿಟ್ಟುಬಿಡು ಮಾರಾಯ, ಹಸಿರುಗಳೆಲ್ಲ ಒಂದೇ ಥರ." ಪುಣೆಯ ನಮ್ಮ ಕೀಟದ ಗೆಳೆಯರಿಂದ ನಾಲ್ಕು ವರ್ಷ ಇದನ್ನೇ ಕೇಳಿದೆ. ಮಿರಿಡೇ ಅಂದರೆ ಗಿಡಗಳ ಮೇಲೆ ಸಿಗುವ ತಿಗಣೆಗಳ ದೊಡ್ಡದೊಂದು ಕುಟುಂಬ. ಮಳೆಗಾಲದಲ್ಲಿ ಸಿಂಹಗಡದ ಕಡೆ ಕೊತ್ತಂಬರಿ ಕುಟುಂಬದ ಕಾಡುಗಿಡ ಪಿಂಡಾದ ಬಿಳಿ ಛತ್ರಿಯಂಥ ಹೂಗೊಂಚಲು ಬಿಚ್ಚಿದರೆ, ಗೊಂಚಲಿಗೆ ಎರಡು ಮೂರರಂತೆ ಐದು ಮಿಲಿಮೀಟರಿನ ಈ ತಿಗಣೆಗಳು. ಕ್ಯೂನಿಯಸ್, ಅಂದರೆ ಮುಂದಿನ ರೆಕ್ಕೆಯ ತುದಿಯ ಬಳಿಯ ತ್ರಿಕೋನ ತುಂಡು, ಇದೆ, ನೆತ್ತಿಯ ಸರಳ ಕಣ್ಣಿಲ್ಲ, ಹಾಗಾಗಿ ಮಿರಿಡೇ, ಅಲ್ಲಿಗೆ ಎಲ್ಲರ ಬಂಡಿಯೂ ನಿಲ್ಲುತ್ತಿತ್ತು.

ಮೊದಲ ವರ್ಷದ ಅರವತ್ತು ಚಿಲ್ಲರೆ ಮಾದರಿಗಳನ್ನು ಆಲ್ಕೊಹಾಲಿಗೆ ಹಾಕಿ ಹಾಳು ಮಾಡಿದೆ. ಹಸಿರೆಲ್ಲ ಒಣಹುಲ್ಲಿನ ಬಣ್ಣ. ಮರುವರ್ಷ ಕಾರ್ಡಿಗೆ ಅಂಟಿಸಿ ಒಣಗಿಸಿದರೆ ಅರ್ಧಕ್ಕರ್ಧ ಬೂಸ್ಟು. ಈಗ ಹಿಡಿದ ಸಂಜೆಯೇ ಅಂಟಿಸಿ, ಸಿಲಿಕಾ ಜೆಲ್ ಹಾಕಿದ ಅಮ್ಮನ ಹಪ್ಪಳದ ಡಬ್ಬಿಗೆ ಸೇರಿಸುತ್ತೇನೆ. ಡಬ್ಬಿಗಾಗಿ ನಡೆದ ಜಗಳ ಬೇರೆ ಕಥೆ. ಹಳೆಯ ಸ್ಟೀರಿಯೊ ಮೈಕ್ರೊಸ್ಕೋಪಿಗೆ ಹದಿನಾಲ್ಕು ಸಾವಿರ ಹೋಯಿತು. ಮಾರಿದವನು ತೊಂಬತ್ತು ಪಟ್ಟು ಅಂದಿದ್ದ, ನಲವತ್ತು ದಾಟಿದರೆ ಬರೀ ಮಂಜು. ಕಾಲಿನ ಉಗುರುಗಳ ನಡುವಿನ ಪುಟ್ಟ ಎಳೆಗಳಾದ ಪ್ಯಾರೆಂಪೋಡಿಯಾ ನೋಡಲು ಪರಿಚಯದ ಕಾಲೇಜೊಂದರಲ್ಲಿ ಬೇಡಿ ಕೂರಬೇಕಾಯಿತು. ಚಪ್ಪಟೆ, ತುದಿ ಹೊರಕ್ಕೆ ಚಾಚಿದೆ: ಮಿರಿಡೇಯೊಳಗಿನ ಮಿರಿನೇ ಉಪಕುಟುಂಬ.

ಭಾರತದ ತಿಗಣೆಗಳ ಬಗ್ಗೆ ಬರೆದ ಕೀಟತಜ್ಞ ಡಿಸ್ಟಂಟನ 1904ರ ಸಂಪುಟದಲ್ಲಿ, ಮಿರಿಡೇಗೆ ಆಗಿದ್ದ ಕ್ಯಾಪ್ಸಿಡೇ ಎಂಬ ಹಳೆ ಹೆಸರಿನಡಿ, ಬಣ್ಣದ ಮಾತೇ ಹೆಚ್ಚು. ಜಾತಿ ಗುರುತಿಸಲು ಗಂಡಿನ ಎಡ ಪ್ಯಾರಾಮಿಯರ್, ಅಂದರೆ ಜನನಾಂಗದ ಎಡಗಡೆಯ ಕೊಕ್ಕೆ, ನೋಡದೆ ಗತಿಯಿಲ್ಲ. ಸುತ್ತಲ ಮಾಂಸ ಕರಗಲೆಂದು ಒಲೆಯ ಮೇಲೆ ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ಕುದಿಸಿದ್ದು ಕರಗಿಯೇ ಹೋಯಿತು, ಇನ್ನೊಂದು ಸಿಂಕಿನ ಪಾಲು. ಈಗ ಶೇಕಡ ಹತ್ತರ ದ್ರಾವಣ, ಬೆಂಕಿ ಇಲ್ಲ, ರಾತ್ರಿಯಿಡೀ. ಆಮೇಲೆ ಗ್ಲಿಸರಿನ್. ಅದರಲ್ಲಿ ಪ್ಯಾರಾಮಿಯರ್ ಹೊರಳದಂತೆ ನಿಲ್ಲಿಸುವ ಉಪಾಯ ಮಾತ್ರ ಹೇಳಲಾರೆ, ಎರಡು ಮಳೆಗಾಲ ತಿಂದಿದೆ.

ಪಿಂಡಾದ ಮೇಲೆ ಮರಿ ಒಂದೂ ಸಿಗದಿದ್ದದ್ದು ತಲೆ ಕೊರೆಯುತ್ತಿತ್ತು. ಸುಮ್ಮನೆ ಪಕ್ಕದ ಪಾರ್ಥೇನಿಯಂ ಗಿಡದ ಕೆಳಗೆ ಟ್ರೇ ಹಿಡಿದು ಬಡಿದೆ. ಟ್ರೇ ತುಂಬ ಮರಿಗಳು! ಬಾಲ್ಕನಿಯ ಕೊತ್ತಂಬರಿ ಹೂವಿಗೆ ಹಾಕಿದವು ಬಹುತೇಕ ಸತ್ತವು, ಪಾರ್ಥೇನಿಯಂ ಕುಡಿಯ ಮೇಲಿಟ್ಟವು ಎರಡು ವಾರದೊಳಗೆ ರೆಕ್ಕೆ ಬಿಚ್ಚಿದವು. ಬಣ್ಣ ಬಲಿಯಲಿ ಎಂದು ಎರಡು ದಿನ ಕಾದು ಗಂಡನ್ನು ಬಿಡಿಸಿದೆ. ಪಿಂಡಾದ ತಿಗಣೆಯದ್ದೇ ಪ್ಯಾರಾಮಿಯರ್! ಹೆಸರು ಟೈಲೊರಿಲೈಗಸ್ ಏಪಿಕಾಲಿಸ್. ಛತ್ರಿಹೂವಿಗೆ ಬರೀ ನೆಂಟ. "ಬಿಟ್ಟುಬಿಡು" ಅಂದಿದ್ದವನೇ ಈಗ ತನ್ನ ಡಬ್ಬಿ ಹೊತ್ತು ಭಾನುವಾರ ಮನೆಗೆ ಬರುತ್ತಾನೆ.

ಅದೇ ಗೊಂಚಲಲ್ಲಿ ಕಂದು ಬಣ್ಣದ್ದೊಂದಿದೆ. ಮೀಸೆಯ ಎರಡನೇ ಗಣ್ಣು ದಪ್ಪ, ಮಿರಿಡೇಯದೇ ಇನ್ನೊಂದು ಕುಲ ಯೂರಿಸ್ಟೈಲಸ್ ಅಂತ ನನ್ನ ಗುಮಾನಿ. ಹನ್ನೊಂದು ಹಿಡಿದಿದ್ದೇನೆ, ಹನ್ನೊಂದೂ ಹೆಣ್ಣು.