1967ಕ್ಕೆ ಮುಂಚಿನ ಅರೀಥಾ

ಅಮೆರಿಕದ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಎಂದರೆ ಬಹುಕಾಲ ನನಗೆ ‘ರೆಸ್ಪೆಕ್ಟ್’ ಹಾಡೊಂದೇ ಆಗಿತ್ತು. 1967ರಲ್ಲಿ ಅಟ್ಲಾಂಟಿಕ್ ಸಂಸ್ಥೆಯ ಧ್ವನಿಮುದ್ರಿಕೆಗಳಿಂದ ಹೆಸರಾಗುವ ಮೊದಲು ಅವರು ಐದಾರು ವರ್ಷ ಕೊಲಂಬಿಯಾ ಎಂಬ ಇನ್ನೊಂದು ಧ್ವನಿಮುದ್ರಣ ಸಂಸ್ಥೆಗಾಗಿ ಹಾಡಿದ್ದರೆಂಬುದು ತಿಳಿದಿದ್ದರೂ, ಆ ಕಾಲವೆಲ್ಲ ವ್ಯರ್ಥವಾಯಿತೆಂದು ಬರೆದವರ ಮಾತನ್ನು ನಂಬಿ ನಾನು ಅತ್ತ ಕಿವಿಗೊಟ್ಟಿರಲಿಲ್ಲ.

ಕೊನೆಗೆ ಅವನ್ನು ಕೇಳಲು ಹೊರಟಾಗ ಮೊದಲ ಪ್ರಯತ್ನ ಕೆಟ್ಟಿತು. ಅಡುಗೆ ಮಾಡುತ್ತ ಹಾಡುಗಳನ್ನು ಹಿಂದುಮುಂದಾಗಿ ಹಾಕಿಕೊಂಡೆ. ವಯೊಲಿನ್‌ಗಳ ಮೇಳದಲ್ಲಿ ಎಲ್ಲವೂ ಒಂದೇ ಎನಿಸಿ ವಾರದೊಳಗೆ ಕೈಬಿಟ್ಟೆ. ಮತ್ತೆ ತೊಡಗಿದಾಗ ಆಯ್ದ ಹಾಡುಗಳ ಸಂಕಲನಗಳನ್ನು ದೂರವಿಟ್ಟು, 1961ರ ಮೊದಲ ಆಲ್ಬಮ್‌ನಿಂದ ವರ್ಷಾನುಕ್ರಮವಾಗಿ, ದಿನಕ್ಕೆ ಅರ್ಧ ಆಲ್ಬಮ್‌ನಂತೆ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಪ್ರತಿ ಹಾಡಿಗೂ ನೋಟುಪುಸ್ತಕದಲ್ಲಿ ಒಂದು ಸಾಲು ಬರೆದೆ. ಬೇಡವಾದವೂ ಸಿಕ್ಕವು: ಆಗ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 37ನೇ ಸ್ಥಾನಕ್ಕೇರಿದ ‘ರಾಕ್-ಅ-ಬೈ ಯುವರ್ ಬೇಬಿ’ಯನ್ನು ನನ್ನಿಂದ ಎರಡನೇ ಸಲ ಕೇಳಲಾಗಲಿಲ್ಲ.

ಹೆಚ್ಚು ದಿನ ನಿಂತದ್ದು 1964ರ ‘ಅನ್‌ಫರ್ಗೆಟಬಲ್’ ಬಳಿ. 1963ರ ಡಿಸೆಂಬರಿನಲ್ಲಿ ತೀರಿಕೊಂಡ ಗಾಯಕಿ ಡೈನಾ ವಾಷಿಂಗ್ಟನ್ ಅವರಿಗೆ ಅರ್ಪಿಸಿದ ಆಲ್ಬಮ್ ಅದು. ಡೈನಾ ಹಾಡಿದ್ದ ‘ಡ್ರಿಂಕಿಂಗ್ ಅಗೇನ್’ ಕೇಳಿ, ಬೆನ್ನಿಗೇ ಅರೀಥಾರದನ್ನು ಕೇಳುವುದನ್ನು ರೂಢಿಸಿಕೊಂಡೆ. ಡೈನಾ ಒಂದೊಂದು ಪದವನ್ನೂ ಕತ್ತರಿಸಿಟ್ಟಂತೆ ಸ್ಪಷ್ಟವಾಗಿ ಹೇಳಿ ಮುಂದೆ ಸಾಗುತ್ತಾರೆ. ಇನ್ನೂ 22 ತುಂಬದ ಅರೀಥಾ ಲಯಕ್ಕಿಂತ ತುಸು ಹಿಂದೆ ಉಳಿದು, ಸಾಲಿನ ಕೊನೆಯ ಪದವನ್ನು ಎಳೆದು, ತಿರುಗಿಸಿ, ಆಮೇಲಷ್ಟೇ ಬಿಡುತ್ತಾರೆ. ಡೆಟ್ರಾಯಿಟ್‌ನಲ್ಲಿ ತಂದೆಯ ಚರ್ಚಿನಲ್ಲಿ ಹಾಡಿ ಬೆಳೆದವರ ಎಳೆತ ಅದು. ‘ರೆಸ್ಪೆಕ್ಟ್’ಗೆ ಬೇಕಾದ ಕಂಠ ಆಗಲೇ ಸಿದ್ಧವಾಗಿತ್ತು, ಸುತ್ತಲಿನ ಮೇಳವಷ್ಟೇ ಬೇರೆಯದಾಗಿತ್ತು ಎಂದು ನನಗನ್ನಿಸಿದ್ದು ಇಲ್ಲಿಯೇ.

ಅದರ ಹಿಂದಿನ ವರ್ಷದ ‘ಸ್ಕೈಲಾರ್ಕ್’ ಹಾಡನ್ನು ನಾನು ಮೊದಲ ಸುತ್ತಿನಲ್ಲಿ ‘ಹಿತವಾಗಿದೆ’ ಎಂದಷ್ಟೇ ಬರೆದು ದಾಟಿದ್ದೆ, ನಾಚಿಕೆಯ ಸಂಗತಿ. ಮೆಲುದನಿಯಲ್ಲಿ ನಡೆಯುವ ಆ ಹಾಡಿನ ಕೊನೆಯ ಭಾಗದಲ್ಲಿ, ಮೊದಲ ಪದ ಮರಳುವಾಗ, ಅವರು ಮುನ್ಸೂಚನೆಯಿಲ್ಲದೆ ಒಂದು ಸ್ಥಾಯಿ ಮೇಲಕ್ಕೆ ಜಿಗಿಯುತ್ತಾರೆ.

ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಸೇರುವ ಗೆಳೆಯರಿಗೆ ಇದನ್ನು ಹೆಸರು ಹೇಳದೆ ಕೇಳಿಸಿದೆ. ಯಾರೋ ಹಳೆಯ ಜಾಝ್ ಗಾಯಕಿ ಎಂದರು ಒಬ್ಬರು. ಆ ಜಿಗಿತ ಬಂದೊಡನೆ ಮೂಲೆಯಲ್ಲಿ ಕುಳಿತಿದ್ದ ಇನ್ನೊಬ್ಬರು, ‘ಅರೀಥಾ!’ ಎಂದು ಎದ್ದೇಬಿಟ್ಟರು.