ಸಣ್ಣ ಜಿಗ್ ಮತ್ತು ಫ್ಲೈ ಕಟ್ಟಲು ಸಾಮಗ್ರಿಯನ್ನು ಆರಿಸುವ ಬಗೆ

ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಮಣಿ, ಜರಿ, ಬಣ್ಣದ ದಾರಗಳನ್ನು ಕೊಳ್ಳುವಾಗ ನಮ್ಮ ಕಣ್ಣು ಹೋಗುವುದು ಅವುಗಳ ಒಣ ಅಂದದ ಕಡೆಗೆ. ಮೀನಿಗೆ ಕಾಣುವುದು ಒದ್ದೆಯಾದ ಮೇಲಿನ ರೂಪ ಮಾತ್ರ. ಆದ್ದರಿಂದ ಜಿಗ್ (ತಲೆಯಲ್ಲಿ ಭಾರವಿರುವ ಕೃತಕ ಎರೆ) ಅಥವಾ ಫ್ಲೈ (ಗಾಳಕ್ಕೆ ಗರಿ, ದಾರ ಸುತ್ತಿ ಮಾಡಿದ ಹಗುರವಾದ ಕೃತಕ ಎರೆ) ಕಟ್ಟಲು ಯಾವ ವಸ್ತುವನ್ನು ತಂದರೂ ಅದನ್ನು ಗಾಳಕ್ಕೆ ಸುತ್ತುವ ಮೊದಲು ಗಾಜಿನ ಲೋಟದಲ್ಲಿ ನೀರು ತುಂಬಿ, ವಸ್ತುವಿನ ಒಂದು ತುಣುಕನ್ನು ಇಕ್ಕಳದ ತುದಿಯಲ್ಲಿ ಹಿಡಿದು ಅದ್ದಿ ನೋಡಬೇಕು. ಕೋಳಿಯ ಮೈಗರಿಯ ಬುಡದಲ್ಲಿರುವ ತುಪ್ಪುಳವನ್ನು ಹೀಗೆ ಅದ್ದಿದರೆ ಮೊದಲು ಅದು ನೂಲಿನಂತೆ ಸೊರಗಿಬಿಡುತ್ತದೆ. ಆದರೆ ನೀರೊಳಗೆ ಮೆಲ್ಲನೆ ಮೇಲೆ ಕೆಳಗೆ ಆಡಿಸಿದಾಗ ಎಳೆ ಎಳೆಯೂ ಬಿಚ್ಚಿಕೊಂಡು ಉಸಿರಾಡಿದಂತೆ ಅಲುಗುತ್ತದೆ. ಅಂಗಡಿಯಲ್ಲಿ ಅದಕ್ಕಿಂತ ಎಷ್ಟೋ ಸೊಗಸಾಗಿ ಕಂಡಿದ್ದ ದಪ್ಪ ಅಕ್ರಿಲಿಕ್ ಉಲ್ಲನ್ ಅದೇ ಲೋಟದಲ್ಲಿ ಕಡ್ಡಿಯಂತೆ ನಿಂತಿರುತ್ತದೆ. ಕೆಳಗಿನ ಸಲಹೆಗಳೆಲ್ಲ ಈ ಪರೀಕ್ಷೆಯನ್ನು ಮಾಡಿಯೇ ಮಾಡುತ್ತೀರಿ ಎಂಬ ನಂಬಿಕೆಯ ಮೇಲೆ ಬರೆದವು.

ಬೆಂಗಳೂರಿನ ಸುತ್ತಮುತ್ತ ಸಣ್ಣ ಜಿಗ್ಗಿಗೆ ಬೀಳುವುದು ಹೆಚ್ಚಾಗಿ ಜಿಲೇಬಿ ಮೀನು (ತಿಲಾಪಿಯಾ), ಸಣ್ಣ ಗೆಂಡೆಗಳು ಮತ್ತು ಆಗೊಮ್ಮೆ ಈಗೊಮ್ಮೆ ಕೊರಮೀನು. ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವುದರಿಂದ ಗಾಳ ಹಾಕುವ ಮುನ್ನ ಅನುಮತಿ ಕೇಳಿಕೊಳ್ಳಬೇಕು.

ಗಾಳದ ಸಂಖ್ಯೆ ಹೆಚ್ಚಿದಂತೆ ಗಾಳ ಚಿಕ್ಕದಾಗುತ್ತದೆ. 1ನ್ನು ದಾಟಿ 1/0, 2/0 ಎಂದು ಹೋದರೆ ಮತ್ತೆ ದೊಡ್ಡದಾಗುತ್ತದೆ. ಜಿಲೇಬಿ ಮೀನಿನ ಬಾಯಿ ಚಿಕ್ಕದಾದ್ದರಿಂದ 8ರಿಂದ 12ರವರೆಗಿನ ಗಾಳ ಸಾಕು. ಜಿಗ್ಗಿಗೆಂದೇ ಮಾಡಿದ ಗಾಳದ ಕಣ್ಣು (ದಾರ ಕಟ್ಟುವ ಬಳೆ) 60 ಅಥವಾ 90 ಡಿಗ್ರಿ ಬಾಗಿರುತ್ತದೆ; ತಲೆಯಲ್ಲಿ ಭಾರವಿಟ್ಟಾಗ ಅದು ಮಗುಚಿಕೊಂಡು ಮೊನೆ ಮೇಲಾಗಿ ಈಜುತ್ತದೆ. ತಳದಲ್ಲಿ ಜೊಂಡಿನ ಬೇರೂ ಪ್ಲಾಸ್ಟಿಕ್ ಚೀಲವೂ ಸಮಸಮನಾಗಿ ತುಂಬಿರುವ ನಮ್ಮ ಕೆರೆಗಳಲ್ಲಿ ಈ ಒಂದು ಗುಣಕ್ಕಾಗಿಯೇ ನಾನು ಸಾದಾ ಗಾಳಕ್ಕಿಂತ ಇದಕ್ಕೆ ಹೆಚ್ಚು ಹಣ ಕೊಡಲು ಸಿದ್ಧ. ಕೊಳ್ಳುವಾಗ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆಯಿರಿ: ಕಚ್ಚಿ ನಿಂತರೆ ಹರಿತವಾಗಿದೆ, ಜಾರಿದರೆ ಆ ಪೊಟ್ಟಣವನ್ನು ಹಿಂದಿರುಗಿಸುವುದು ಲೇಸು.

ಭಾರದ ವಿಚಾರದಲ್ಲಿ ಆತುರ ಬೇಡ. ಸಣ್ಣ ಜಿಗ್ಗಿನ ತಲೆಗಳನ್ನು ಔನ್ಸಿನ ಭಾಗಗಳಲ್ಲಿ ಗುರುತಿಸುತ್ತಾರೆ: 1/64 ಔನ್ಸ್ ಎಂದರೆ ಸುಮಾರು 0.44 ಗ್ರಾಂ, 1/32 ಎಂದರೆ 0.89 ಗ್ರಾಂ, 1/16 ಎಂದರೆ 1.77 ಗ್ರಾಂ. ನೀರ ಮೇಲೆ ತೇಲುವ ಬೆಂಡಿನ ಕೆಳಗೆ ತೂಗಿಬಿಡುವುದಾದರೆ 1/32 ನನ್ನ ಮೊದಲ ಆಯ್ಕೆ, ಏಕೆಂದರೆ ಅದು ನಿಧಾನವಾಗಿ ಇಳಿಯುತ್ತದೆ ಮತ್ತು ಇಳಿಯುವಾಗಲೇ ಹೆಚ್ಚು ಮೀನು ಕಚ್ಚುತ್ತದೆ. ಯಾವ ಲೋಹ ಎಂಬುದೂ ಮುಖ್ಯ. ನೀರಿಗಿಂತ ಹಿತ್ತಾಳೆ ಸುಮಾರು ಎಂಟೂವರೆ ಪಟ್ಟು, ಸೀಸ 11.3 ಪಟ್ಟು, ಟಂಗ್‌ಸ್ಟನ್ ಸುಮಾರು 19 ಪಟ್ಟು ಸಾಂದ್ರವಾಗಿವೆ. ಹೀಗಾಗಿ ಟಂಗ್‌ಸ್ಟನ್ ಮಣಿ ಚಿಕ್ಕದಾಗಿದ್ದೂ ಬೇಗ ಮುಳುಗುತ್ತದೆ, ಬೆಲೆಯೂ ಹಾಗೆಯೇ ಏರುತ್ತದೆ. ಸೀಸ ಅಗ್ಗವೇನೋ ಹೌದು. ಆದರೆ ಅದು ವಿಷ, ನೀರುಹಕ್ಕಿಗಳು ನುಂಗಿದರೆ ಸಾಯುತ್ತವೆ, ಅಡುಗೆಮನೆಯ ಒಲೆಯ ಮೇಲೆ ಅದನ್ನು ಕರಗಿಸುವುದಂತೂ ಸಲ್ಲದು. ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸೀಸರಹಿತ ಸೋಲ್ಡರ್ ತಂತಿಯನ್ನು ಕೇಳಿ ತಂದು ಗಾಳದ ದಂಡಕ್ಕೆ (ಕಣ್ಣಿನಿಂದ ಬಾಗಿನವರೆಗಿನ ನೇರ ಭಾಗಕ್ಕೆ) ಒತ್ತೊತ್ತಾಗಿ ಸುತ್ತಬಹುದು. ಅದರಲ್ಲಿ ಹೆಚ್ಚಿನ ಪಾಲು ತವರ, ಆದ್ದರಿಂದ ಸೀಸಕ್ಕಿಂತ ಹಗುರ, ಆದರೂ ಫ್ಲೈಯನ್ನು ಮುಳುಗಿಸಲು ಸಾಕು. ಸಾದಾ ಸೋಲ್ಡರ್‌ನಲ್ಲಿ ಸೀಸವಿರುತ್ತದೆಂಬುದು ನೆನಪಿರಲಿ. ಆಭರಣದ ಮಣಿಗಳನ್ನು ಕೊಳ್ಳುವವರು ಅಂಗೈಯಲ್ಲಿ ತೂಗಿ ನೋಡಬೇಕು. ಹಿತ್ತಾಳೆಯಂತೆ ಹೊಳೆಯುವ ಎಷ್ಟೋ ಮಣಿಗಳು ಒಳಗೆ ಪ್ಲಾಸ್ಟಿಕ್. 12ನೇ ಸಂಖ್ಯೆಯ ಗಾಳಕ್ಕೆ 3 ಮಿಲಿಮೀಟರ್ ಮಣಿ ಒಪ್ಪುತ್ತದೆ, ಆದರೆ ಅದರ ತೂತು ಗಾಳದ ಬಾಗನ್ನು ದಾಟಿ ಬರುವಷ್ಟು ಅಗಲವಿದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಲು ಒಂದು ಗಾಳವನ್ನು ಜೊತೆಗೆ ಒಯ್ಯಿರಿ.

ಕಟ್ಟುವ ದಾರದ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಚಿಕ್ಕ ಫ್ಲೈಗೆ 70, ಜಿಗ್ಗಿಗೆ 140 ಎಂಬುದು ಒಳ್ಳೆಯ ಅಳತೆ. ಸೀರೆ ಕುಚ್ಚು ಹಾಕುವವರಿಗಾಗಿ ಚಿಕ್ಕಪೇಟೆಯ ಅಂಗಡಿಗಳಲ್ಲಿ ರಾಶಿ ಬಿದ್ದಿರುವ ಹೊಳೆಯುವ ‘ಸಿಲ್ಕ್ ಥ್ರೆಡ್’ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ, ಆದರೆ ಅದರಲ್ಲಿ ಬಹುಪಾಲು ರೇಷ್ಮೆಯಲ್ಲ. ಒಂದು ಎಳೆಯನ್ನು ಬೆಂಕಿಗೆ ಹಿಡಿಯಿರಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕಾಗದದಂತೆ ಉರಿದು ಹೋದರೆ ರೇಯಾನ್, ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ರೇಯಾನ್ ಒದ್ದೆಯಾದಾಗ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಹಾಗಾಗಿ ಅದನ್ನು ಫ್ಲೈಯ ಮೈಗೆ ಸುತ್ತಲು ಬಳಸಬಹುದೇ ಹೊರತು ಬಿಗಿಯಾಗಿ ಕಟ್ಟಲು ಬಳಸಬಾರದು. ಹೊಲಿಗೆಯ ಸಾಮಾನ್ಯ ದಾರದ ಮೇಲೆ ನವಿರಾದ ನಾರು ಎದ್ದಿರುವುದರಿಂದ ತಲೆ ದಪ್ಪಗಾಗುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗಳ ಈ ಊರಿನಲ್ಲಿ ಸುಲಭವಾಗಿ ಸಿಗುವ ಇನ್ನೊಂದು ದಾರ ಇವೆರಡಕ್ಕಿಂತ ವಾಸಿ: ಓವರ್‌ಲಾಕ್ ಯಂತ್ರಕ್ಕೆ ಹಾಕುವ, ಹುರಿ ಇಲ್ಲದ, ಮೆತ್ತನೆಯ ಪಾಲಿಯೆಸ್ಟರ್ ದಾರ. ಬಿಗಿಯಾಗಿ ಎಳೆದಾಗ ಅದು ಪಟ್ಟಿಯಂತೆ ಚಪ್ಪಟೆಯಾಗಿ ಕೂರುತ್ತದೆ.

ಇನ್ನು ಗರಿಗಳು. ಈ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಇಲ್ಲಿಯೇ. ಹೊರದೇಶದಿಂದ ಬರುವ ಮರಬೂ ಎಂಬುದು ಇಂದು ಟರ್ಕಿ ಕೋಳಿಯ ಮೃದುವಾದ ಗರಿ. ಅದು ಸಿಗದಿದ್ದರೆ ನಾಟಿ ಕೋಳಿಯ ತೊಡೆ ಮತ್ತು ಹೊಟ್ಟೆಯ ಗರಿಗಳ ತುಪ್ಪುಳ ಬಾಲಕ್ಕೆ ಚೆನ್ನಾಗಿ ಒದಗುತ್ತದೆ. ಬ್ರಾಯ್ಲರ್ ಕೋಳಿಯನ್ನು ಸುಮಾರು ಆರು ವಾರಕ್ಕೇ ಕೊಯ್ಯುವುದರಿಂದ ಅದರ ಕತ್ತಿನ ಗರಿ ಬಲಿತಿರುವುದಿಲ್ಲ. ಬೇಕಾದದ್ದು ಬಲಿತ ನಾಟಿ ಹುಂಜ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಲಿನ ಕೋಳಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಕತ್ತಿನ ಚರ್ಮವನ್ನು ಗರಿಸಮೇತ ಎತ್ತಿಡುತ್ತಾರೆ. ಹುಂಜದ ಕತ್ತಿನ ಒಂದು ಗರಿಯನ್ನು ಬೆಳಕಿಗೆ ಹಿಡಿದು ಬಾಗಿಸಿ ನೋಡಿ: ಎಳೆಗಳು ಒಂದಕ್ಕೊಂದು ಅಂಟದೆ ಸೆಟೆದು ನಿಂತರೆ ಅದು ನೀರ ಮೇಲೆ ತೇಲುವ ಫ್ಲೈಗೆ ಯೋಗ್ಯ, ನಡುವೆ ಮಬ್ಬಾದ ಬಲೆಯಂತಹ ಭಾಗ ಅಗಲವಾಗಿದ್ದರೆ ಅದು ನೀರು ಹೀರುತ್ತದೆ, ಅಂಥದ್ದನ್ನು ಮುಳುಗುವ ಫ್ಲೈಗೆ ಇಟ್ಟುಕೊಳ್ಳಿ. ಹೇಂಟೆಯ ಗರಿ ಈ ಎರಡನೆಯ ಕೆಲಸಕ್ಕೆ ಹುಂಜದ್ದಕ್ಕಿಂತ ಮೇಲು. ಬ್ಯಾಡ್ಮಿಂಟನ್ ಅಂಕಣಗಳ ಮೂಲೆಯಲ್ಲಿ ಬಿದ್ದಿರುವ ಮುರಿದ ಗರಿಯ ಶಟಲ್‌ಗಳನ್ನೂ ಕಡೆಗಣಿಸಬೇಡಿ. ಒಂದೊಂದರಲ್ಲೂ ಹೆಬ್ಬಾತು ಅಥವಾ ಬಾತುಕೋಳಿಯ ರೆಕ್ಕೆಯ 16 ಗರಿಗಳಿರುತ್ತವೆ, ಮತ್ತು ಹುಳುವನ್ನು ಹೋಲುವ ಫ್ಲೈಯ ಬೆನ್ನ ಕವಚಕ್ಕೆ ಅವು ಹೇಳಿ ಮಾಡಿಸಿದಂತಿವೆ.

ಬಾಲದ ಉದ್ದ ಗಾಳದ ದಂಡದಷ್ಟೇ ಇರಲಿ. ಉದ್ದವಾದರೆ ಎಸೆಯುವಾಗ ಬಾಗಿಗೆ ಸುತ್ತಿಕೊಳ್ಳುತ್ತದೆ, ಸಣ್ಣ ಮೀನು ತುದಿಯನ್ನಷ್ಟೇ ಕಚ್ಚಿ ಪಾರಾಗುತ್ತದೆ. ಹೆಚ್ಚಾದ ತುಪ್ಪುಳವನ್ನು ಕತ್ತರಿಯಿಂದ ಸಮ ಮಾಡದೆ ಬೆರಳಿನಿಂದ ಚಿವುಟಿ ತೆಗೆಯಬೇಕು. ಆಗ ತುದಿಗಳು ಒಂದೇ ಗೆರೆಗೆ ನಿಲ್ಲದೆ ಸಹಜವಾಗಿ ಕಾಣುತ್ತವೆ.

ನವಿಲುಗರಿಯ ಹಸಿರು ಎಳೆಗಳನ್ನು ಮೈಗೆ ಸುತ್ತಿದರೆ ಬರುವ ಮಿನುಗು ಬೇರಾವ ವಸ್ತುವಿನಿಂದಲೂ ಬಾರದು. ನವಿಲನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತಾನಾಗಿ ಉದುರಿದ ಬಾಲದ ಗರಿಗಳ ಮಾರಾಟಕ್ಕೆ ದೇಶದೊಳಗೆ ಅವಕಾಶವಿದೆ, ರಫ್ತಿಗೆ ಇಲ್ಲ, ಆದ್ದರಿಂದ ಹೊರದೇಶದ ಗೆಳೆಯರಿಗೆ ಕಳುಹಿಸಬೇಡಿ. ಈ ಎಳೆ ಬಹಳ ನಾಜೂಕು. ಅದರ ಮೇಲೆ ಎದುರು ದಿಕ್ಕಿನಲ್ಲಿ ತಾಮ್ರದ ಸಣ್ಣ ತಂತಿಯನ್ನು ಸುತ್ತಿದರೆ ಬಾಳಿಕೆ ಬರುತ್ತದೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 36 ಗೇಜ್ ಎಂದು ಕೇಳಿದರೆ ಸುಮಾರು 0.19 ಮಿಲಿಮೀಟರ್ ತಂತಿ, 40 ಗೇಜ್ ಎಂದರೆ 0.12 ಮಿಲಿಮೀಟರ್ ತಂತಿ ಕೊಡುತ್ತಾರೆ. ಹಳೆಯ ವಿದೇಶಿ ಮಾದರಿಗಳಲ್ಲಿ ಕಾಣುವ ನಮ್ಮ ಬೂದು ಕಾಡುಕೋಳಿಯ ಮಿರುಗುವ ಕತ್ತಿನ ಗರಿ, ಜಿಂಕೆ ಮತ್ತು ಕಡವೆಯ ಕೂದಲು, ಮುಂಗುಸಿ ಕೂದಲಿನ ಚಿತ್ರಕಲೆಯ ಕುಂಚ ಇವುಗಳನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಇವೆಲ್ಲ ಕಾನೂನಿನ ರಕ್ಷಣೆಯಲ್ಲಿರುವ ಕಾಡುಪ್ರಾಣಿಗಳು. ಜಿಂಕೆ ಕೂದಲಿನ ಬದಲಿಗೆ ಮೇಕೆಯ ಉದ್ದನೆಯ ಕೂದಲು ಸಾಕು. ಮೈಗೆ ಹೊಸೆಯುವ ನವಿರು ತುಪ್ಪಳಕ್ಕೆ ಅಪಾರ್ಟ್‌ಮೆಂಟುಗಳಲ್ಲಿ ಸೆಖೆಗೆ ಏದುಸಿರು ಬಿಡುವ ಹಸ್ಕಿ ನಾಯಿಗಳ ಬಾಚಣಿಗೆಯಲ್ಲಿ ಉಳಿಯುವ ಒಳಕೂದಲು ಅತ್ಯುತ್ತಮ, ಮತ್ತು ಅದನ್ನು ಪುಕ್ಕಟೆಯಾಗಿ ಕೊಡಲು ಒಲ್ಲೆನೆನ್ನುವ ಒಡೆಯರೂ ಇರಲಾರರು.

ಮಿನುಗುವ ಜರಿಯ ಎಳೆಗಳನ್ನು ಒಂದು ಬಾಲಕ್ಕೆ ಎರಡರಿಂದ ನಾಲ್ಕರೊಳಗೆ ಇಡಿ. ಹಬ್ಬದ ಅಲಂಕಾರದ ಜರಿಪಟ್ಟಿಗಳು ಅಗ್ಗವಾದರೂ ಕೆಲವುಗಳ ಬಣ್ಣ ಉಜ್ಜಿದರೆ ಬಿಡುತ್ತದೆ, ಆದ್ದರಿಂದ ಒದ್ದೆ ಬೆರಳುಗಳ ನಡುವೆ ತಿಕ್ಕಿ ನೋಡಿ. ಗಂಟಿನ ಮೇಲೆ ಹಚ್ಚಲು ಬಣ್ಣವಿಲ್ಲದ ಉಗುರುಬಣ್ಣದ ಎರಡು ತೆಳು ಪದರಗಳು ಸಾಕು. ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ಒಣಗಿದ ಮೇಲೆ ಬಿಳಿಚಿಕೊಂಡು ಪೆಡಸಾಗುತ್ತದೆ.

ಬಣ್ಣವನ್ನು ನೀರು ನೋಡಿ ಆರಿಸಬೇಕು. ಮಳೆಯಾಗಿ ಕೆಂಪಗೆ ಕದಡಿದ ನೀರಿನಲ್ಲಿ ಕಪ್ಪು ಬಣ್ಣವೇ ಸ್ಪಷ್ಟವಾಗಿ ಕಾಣುತ್ತದೆ. ಪಾಚಿಯಿಂದ ಹಸಿರಾದ ಕೆರೆಯಲ್ಲಿ ಕಪ್ಪಿನ ಜೊತೆಗೆ ನಿಂಬೆಹಳದಿ ಮತ್ತು ಬಿಳಿಯನ್ನು ಪ್ರಯತ್ನಿಸಿ. ತಿಳಿನೀರಿನಲ್ಲಿ ಕಂದು ಮತ್ತು ಮಾಸಲು ಹಸಿರು. ಗರಿಗೂ ಕೂದಲಿಗೂ ಮನೆಯಲ್ಲೇ ಬಣ್ಣ ಕಟ್ಟಬಹುದು: ಅಡುಗೆಯ ಬಣ್ಣಕ್ಕೆ ವಿನೆಗರ್ ಬೆರೆಸಿ ಬಿಸಿ ನೀರಿನಲ್ಲಿ ನೆನೆಸಿದರೆ ಬಣ್ಣ ಹಿಡಿಯುತ್ತದೆ. ಅರಿಸಿನದ ಹಳದಿ ಮೊದಲ ದಿನ ಬಲು ಚೆನ್ನ, ಬಿಸಿಲಿಗೆ ಬೇಗ ಮಾಸುತ್ತದೆ.

ಕೋಳಿ ಅಂಗಡಿಯಿಂದ ತಂದ ಗರಿಯನ್ನು ಕೈಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಚರ್ಮವಿದ್ದರೆ ಅದಕ್ಕೆ ಗ್ರಂದಿಗೆ ಅಂಗಡಿಯ ಬಿಳಿಗಾರವನ್ನು ಸವರಿ, ಜಿಪ್ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಹುಳುಗಳ ಕಾಟ ತಗ್ಗುತ್ತದೆ. ನುಸಿಗುಳಿಗೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಬೇಡಿ, ಅದು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಚೀಲದ ಮೇಲೆ ಅಂಗಡಿ ಮತ್ತು ಬಣ್ಣದ ಹೆಸರನ್ನು ಬರೆದಿಡಿ. ಬಳಸಿದ ಜಿಗ್ಗನ್ನು ಮಾತ್ರ ಪೂರ್ತಿ ಒಣಗುವವರೆಗೆ ಬೇರೆಯಾಗಿಯೇ ಇರಿಸಿ. ಮಳೆಗಾಲದಲ್ಲಿ ಒಂದು ಒದ್ದೆ ಗಾಳ ಡಬ್ಬಿಯಲ್ಲಿರುವ ಉಳಿದವಕ್ಕೂ ತುಕ್ಕು ಹಿಡಿಸುತ್ತದೆ.