ವೆಲ್ಲೆಸ್ಲಿಯ ದಂಡಿನ ಕಾಗದಗಳನ್ನು ನಾನು ಓದಿದ ಬಗೆ

ದಂಡಿನ ಕಾಗದ ಅಂದರೆ ಕತ್ತಿ, ಕುದುರೆ, ತೋಪು ಅಂದುಕೊಂಡೇ ನಾನು ಓದಲು ಕೂತಿದ್ದು. ಮೊದಲು ಸಿಕ್ಕಿದ್ದು ಎತ್ತು. ಮತ್ತೆ ಎತ್ತು. ಆಮೇಲೆ ಅಕ್ಕಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಉಸ್ತುವಾರಿ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ ಎದುರು ಗೆದ್ದ ವೆಲಿಂಗ್ಟನ್ ಇವನೇ. ಆಗಿನ್ನೂ ಕರ್ನಲ್, ಮೇಜರ್ ಜನರಲ್ ಆಗಿದ್ದು 1802ರಲ್ಲಿ. ಟಿಪ್ಪುವಿನ ಸೆರೆಯಲ್ಲಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಪಟ್ಟಣ ಬಿದ್ದಾಗ ತಪ್ಪಿಸಿಕೊಂಡು, ದಂಡು ಕಟ್ಟಿ, ತಾನು ಎರಡು ಲೋಕಕ್ಕೂ ದೊರೆ ಅಂದ. 1800ರ ಮಳೆಗಾಲವಿಡೀ ವೆಲ್ಲೆಸ್ಲಿ ಅವನ ಬೆನ್ನು ಹತ್ತಿದ. ಆ ತಿಂಗಳುಗಳ ಕಾಗದಗಳನ್ನೇ ನಾನು ಹಿಡಿದಿದ್ದು. ಅಚ್ಚಾದ ಸಂಪುಟಗಳಲ್ಲಿ ಇವು ಸಿಗುತ್ತವೆ.

ಮೊದಲ ತೊಡಕು ಊರ ಹೆಸರು. ಕಣ್ಣಲ್ಲಿ ಓದಿದರೆ ಏನೂ ಗೊತ್ತಾಗುವುದಿಲ್ಲ, ಬಾಯಿ ಬಿಟ್ಟು ಓದಬೇಕು. ‘ಹರ್ರಿಹರ್’ ಸುಲಭ, ಹರಿಹರ. ‘ಮಲ್ಪೂರ್ಬಾ’ ಅಂದಾಗ ಮಲಪ್ರಭಾ ತಾನಾಗೇ ಬಂತು. ‘ಡಮ್ಮುಲ್’ ಮಾತ್ರ ಎರಡು ದಿನ ಕಾಡಿತು. ಕೊನೆಗೆ ನೋಡಿದರೆ ನಮ್ಮ ಗದಗದ ಹತ್ತಿರದ ಡಂಬಳ! ಅದೇ ಥರ ‘ತಪ್ಪಾಲ್’, ‘ಹರ್ಕಾರಾ’, ‘ಪೆಟ್ಟಾ’, ‘ಕಿಲ್ಲದಾರ್’. ಇಂಗ್ಲಿಷಿನವರಿಗೆ ಇದಕ್ಕೆಲ್ಲ ಅಡಿಟಿಪ್ಪಣಿ ಬೇಕು. ನಮಗೆ ಟಪಾಲು, ಪೇಟೆ, ಕಿಲ್ಲೇದಾರ ಮನೆಯ ಮಾತುಗಳೇ ಅಲ್ವಾ?

ಎರಡನೆಯದು ನನ್ನದೇ ತಪ್ಪು. ಒಂದು ನಕ್ಷೆ ಅಂಟಿಸಿಕೊಂಡು, ಯಾವ ತಾರೀಖಿನ ಕಾಗದದಲ್ಲಿ ಧೋಂಡಿಯಾ ಎಲ್ಲಿದ್ದಾನೆ ಅಂತ ಬರೆದಿದೆಯೋ ಅಲ್ಲಿ ಅದೇ ತಾರೀಖು ಹಾಕಿ ಚುಕ್ಕೆ ಇಡುತ್ತಾ ಹೋದೆ. ವಾರದ ಕೆಲಸ. ಕೊನೆಗೆ ನೋಡಿದರೆ ಆಸಾಮಿ ತುಂಬಿದ ಹೊಳೆಯನ್ನು ಒಂದೇ ದಿನದಲ್ಲಿ ಆಚೆ ಈಚೆ ಹಾರುತ್ತಿದ್ದಾನೆ! ಹರಿಕಾರ, ಅಂದರೆ ಸುದ್ದಿ ತರುವ ಬೇಹಿನವನು, ನೋಡಿದ ದಿನ ಬೇರೆ, ಅವನು ನಡೆದು ಬಂದು ಹೇಳಿದ ದಿನ ಬೇರೆ, ಕಾಗದ ಬರೆದ ದಿನ ಬೇರೆ ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ಎಲ್ಲ ಅಳಿಸಿದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆದೆ: ಕಂಡಿದ್ದು, ಕೇಳಿದ್ದು, ಬರೆದಿದ್ದು. ಮೊದಲ ಕಾಲಂ ಬಹಳಷ್ಟು ಕಡೆ ಖಾಲಿಯೇ ಉಳಿಯಿತು. ಆದರೆ ಆ ಖಾಲಿ ಮನೆಗಳೇ ವೆಲ್ಲೆಸ್ಲಿಯ ಪಾಡು ತೋರಿಸಿದವು. ಅವನು ಹುಡುಕುತ್ತಿದ್ದದ್ದು ಶತ್ರು ನಿನ್ನೆ ಮೊನ್ನೆ ಇದ್ದ ಜಾಗವನ್ನು.

ಒಂದೇ ದಿನ ಬೇರೆ ಬೇರೆಯವರಿಗೆ ಬರೆದದ್ದನ್ನು ಪಕ್ಕಪಕ್ಕ ಇಟ್ಟು ಓದುವುದೂ ಆಮೇಲೆ ರೂಢಿಯಾಯಿತು. ಮದ್ರಾಸಿನ ಸರ್ಕಾರಕ್ಕೆ ಹೋಗುವ ವರದಿ ಇಸ್ತ್ರಿ ಹಾಕಿದ ಹಾಗಿರುತ್ತದೆ. ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಬ್ಯಾರಿ ಕ್ಲೋಸ್‌ಗೆ, ಆಗ ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋಗೆ ಬರೆದದ್ದರಲ್ಲಿ ಗೊಣಗಾಟ, ತಮಾಷೆ ಎಲ್ಲ ಇರುತ್ತದೆ. ನಿಜ ವಿಷಯ ಜಾಸ್ತಿ ಸಿಗುವುದು ಗೊಣಗಾಟದಲ್ಲೇ.

ಗೊಣಗಾಟವೆಲ್ಲ ದಿನಸಿಯದು. ಮಳೆಗೆ ಹರಿಹರದ ಹತ್ತಿರ ತುಂಗಭದ್ರಾ ತುಂಬಿ, ದಂಡು ದಾಟಲು ದಿನಗಟ್ಟಲೆ ಹಿಡಿಯಿತು. ಅಕ್ಕಿ ಬರುವುದು ಬಂಜಾರರ ಎತ್ತುಗಳ ಮೇಲೆ, ಅವು ಹಿಂದೆ ಉಳಿದರೆ ದಂಡೂ ನಿಲ್ಲಬೇಕು. ತೋಪು ಎಳೆಯುವ ಎತ್ತು ಸತ್ತರೆ ತೋಪು ಅಲ್ಲೇ. ಮೈಸೂರಿನ ಅಮೃತಮಹಲ್ ಎತ್ತುಗಳನ್ನು ಅವನು ಯಾಕೆ ಅಷ್ಟು ಮೆಚ್ಚಿದ ಅನ್ನುವುದು ಆಗ ಅರ್ಥವಾಯಿತು. ಸುಮ್ನೆ ಹೊಗಳಿಕೆ ಅಲ್ಲ ಅದು.

ಜುಲೈ 30ರ ಸಂಗತಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮಲಪ್ರಭೆಯ ದಡದಲ್ಲಿ, ಮುನವಳ್ಳಿಯ ಎದುರು, ಧೋಂಡಿಯಾನ ಬೀಡಿನ ಮೇಲೆ ಬಿದ್ದು ಅದನ್ನು ಹೊಳೆಗೆ ನೂಕಿದರು. ತೋಪುಗಳು ಮಾತ್ರ ಆಗಲೇ ಆಚೆ ದಡ ಸೇರಿದ್ದವು. ಈಚೆ ದೋಣಿ ಇಲ್ಲ. ಕೆಲವು ಸಿಪಾಯಿಗಳು ಈಜಿ ಹೋಗಿ, ಆಚೆ ದಡದ ದೋಣಿಯನ್ನೇ ಹಿಡಿದು, ತೋಪುಗಳನ್ನು ವಶ ಮಾಡಿಕೊಂಡರು. ನನ್ನ ಮೂರು ಕಾಲಮ್ಮೂ ಒಂದೇ ದಿನದ ಸುತ್ತ ಬಂದು ಸೇರುವುದು ಇಂಥ ಕಡೆ ಮಾತ್ರ.

ಇನ್ನೊಂದು ಕಡೆ ಸೆಪ್ಟೆಂಬರ್ 10, ಕೋಣಗಲ್. ಎದುರಿಗೆ ಸುಮಾರು 5,000 ಕುದುರೆ, ವೆಲ್ಲೆಸ್ಲಿಯ ಹತ್ತಿರ ನಾಲ್ಕು ರೆಜಿಮೆಂಟ್ ಸವಾರರು. ಎದುರಿನ ಸಾಲಿನ ಉದ್ದಕ್ಕೆ ಸರಿತೂಗಲಿ ಅಂತ ಎಲ್ಲರನ್ನೂ ಒಂದೇ ಸಾಲಾಗಿ ನಿಲ್ಲಿಸಿ ನುಗ್ಗಿದ. ಧೋಂಡಿಯಾ ಅಲ್ಲೇ ಸತ್ತ. ಅವನ ಎಳೆಯ ಮಗ ಸಲಾಬತ್ ಖಾನ್ ಸಾಮಾನಿನ ನಡುವೆ ಸಿಕ್ಕ. ವೆಲ್ಲೆಸ್ಲಿ ಆ ಹುಡುಗನನ್ನು ಸಾಕಿದ, 1805ರಲ್ಲಿ ದೇಶ ಬಿಡುವಾಗ ಅವನ ಹೆಸರಿಗೆ ಹಣವನ್ನೂ ಇಟ್ಟುಹೋದ.

ನನಗೆ ಒಂದು ಇರಿಸುಮುರಿಸು ಉಳಿದೇ ಇದೆ. ಈ ಕಾಗದಗಳಲ್ಲಿ ಧೋಂಡಿಯಾ ಬರೀ ಕಳ್ಳ, ದರೋಡೆಕೋರ. ನಾನು ಎತ್ತು ಎಣಿಸುವ ಭರದಲ್ಲಿ ನೋಟ್‌ಬುಕ್ಕಿನಲ್ಲಿ ನಾನೇ ‘ಕಳ್ಳ ಹೊಳೆ ದಾಟಿದ’ ಅಂತ ಬರೆದುಕೊಂಡಿದ್ದೆ. ಈಗ ಅಂಥ ಕಡೆ ‘ಕಳ್ಳ’ ಹೊಡೆದುಹಾಕಿ ಹೆಸರು ಬರೆಯುತ್ತಿದ್ದೇನೆ. ಜುಲೈವರೆಗೆ ಮುಗಿದಿದೆ.